ಅಮ್ಮ ಊದಿದ್ದು ಲೆಕ್ಕಕ್ಕಿಲ್ಲ

ಶ್ವಾಸಕೋಶದ ವಿಷಯದಲ್ಲಿ ಇಡೀ ಕುಮಾರಸ್ವಾಮಿ ಲೇಔಟಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ಬಲವಾಗಿ ನಂಬಿದ್ದ ಕಾಲವದು. ಎರಡು ಸಾವಿರದ ಇಸವಿಯ ಆಚೀಚೆ. ಪಿಎಚ್.ಡಿ. ಮಾಡುತ್ತಿದ್ದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೈಯಲ್ಲಿ ಹಾರ್ಮೋನು ಇಳಿಯುತ್ತದಲ್ಲ, ಆಗ ಶ್ವಾಸಕೋಶಕ್ಕೂ ಬೇಗ ವಯಸ್ಸಾಗುತ್ತದೆಯೇ? ಇದು ನನ್ನ ಪ್ರಶ್ನೆ. ಉತ್ತರಕ್ಕೆ ಬೇಕಾದವರು ಐವತ್ತು ದಾಟಿದ, ಆರೋಗ್ಯವಾಗಿರುವ ಹೆಂಗಸರು. ಅವರು ಒಂದು ಯಂತ್ರದ ಕೊಳವೆಗೆ ಬಾಯಿಟ್ಟು ಜೋರಾಗಿ ಊದಬೇಕು. ಅಷ್ಟೇ! ನಮ್ಮ ಬೀದಿಯಲ್ಲಿ ಅಂಥವರಿಗೇನು ಬರವೇ?

ಲ್ಯಾಬಿನಲ್ಲಿ ಗೋಗರೆದು ಯಂತ್ರ ತಂದು, ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಾಲ್‌ನಲ್ಲೇ ಇಟ್ಟೆ. ಅಮ್ಮ ಬೀದಿಗೆಲ್ಲ ಹೇಳಿಬಂದಿದ್ದಳು. "ನಮ್ಮ ಹುಡುಗಿ ಡಾಕ್ಟ್ರಾಗ್ಬೇಕಾದ್ರೆ ನೀವೆಲ್ಲ ಬಂದು ಊದ್ಬೇಕಂತೆ ಕಣ್ರೀ."

ಹದಿನಾಲ್ಕು ಜನ ಬಂದರು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು! ಅಮ್ಮ ಅರಿಶಿನ ಕುಂಕುಮದ ತಟ್ಟೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೀಗೆ ವೈಜ್ಞಾನಿಕ ಸಂಶೋಧನೆಯು ಶಾಸ್ತ್ರೋಕ್ತವಾಗಿ ಆರಂಭವಾಯಿತು.

ಮೊದಲಿಗೆ ಎದುರುಮನೆಯ ಪದ್ಮಾ ಆಂಟಿ. ಫಾರಂ ತೆಗೆದು ಕೇಳಿದೆ. "ಆಂಟಿ, ನಿಮಗೆ ಮುಟ್ಟು ನಿಂತಿದ್ದು ಯಾವಾಗ?"

"ಮೆಲ್ಲಗೆ ಕೇಳೇ! ನಮ್ಮನೆಯವರು ಗೇಟ್ ಹತ್ರಾನೇ ನಿಂತಿದಾರೆ."

"ಡೇಟ್ ಬೇಕಿತ್ತು ಆಂಟಿ."

"ಡೇಟ್ ಬರ್ದಿಟ್ಕೊಳ್ಳೋಕೆ ಅದೇನು ಗೃಹಪ್ರವೇಶಾನಾ?"

ಡೇಟ್ ಕೈಬಿಟ್ಟು ಊದಲು ಕೊಟ್ಟೆ. ಆಂಟಿ ಕೊಳವೆಯನ್ನು ತುಟಿಯಿಂದ ಎರಡು ಬೆರಳು ದೂರ ಹಿಡಿದರು. ಚೊಂಬಿನ ನೀರನ್ನು ಎತ್ತಿ ಕುಡಿಯುವ ಹಾಗೆ ಮುಖ ಮೇಲೆತ್ತಿ ಉಫ್ ಎಂದರು. ಯಂತ್ರದ ಪ್ರಕಾರ ಪದ್ಮಾ ಆಂಟಿ ಆಗಲೇ ತೀರಿಕೊಂಡಿದ್ದರು!

"ಆಂಟಿ, ಬಾಯಿಟ್ಟು ಊದ್ಬೇಕು."

"ಎಂಜಲಲ್ವೇನೇ?"

"ಒಬ್ಬೊಬ್ರಿಗೂ ಹೊಸ ಪೈಪ್ ಹಾಕ್ತೀನಿ ಆಂಟಿ."

"ಪೈಪ್ ಹೊಸದು. ಮಿಷನ್ನು?"

ಉಳಿದವರೂ ಆಂಟಿಯ ದಾರಿಯನ್ನೇ ಹಿಡಿದರು. ಒಬ್ಬರು ಸೆರಗು ಅಡ್ಡ ಇಟ್ಟುಕೊಂಡು ಊದಿದರು. ಇನ್ನೊಬ್ಬರು ಊದಿ, ಉದ್ಧರಣೆಯಿಂದ ಯಂತ್ರದ ಮೇಲೆ ನೀರು ಪ್ರೋಕ್ಷಿಸಿಬಿಟ್ಟರು. ಕರೆಂಟ್ ಮಿಷನ್ ಸ್ವಾಮಿ ಅದು!

ಕೊನೆಗೆ ಅಮ್ಮ. ಅವಳಿಗೆ ಕೆಲವು ತಿಂಗಳಿಂದ ಒಣಕೆಮ್ಮು. ಮಹಡಿ ಹತ್ತುವಾಗ ಅರ್ಧಕ್ಕೆ ನಿಂತು ಸುಧಾರಿಸಿಕೊಳ್ಳುತ್ತಿದ್ದಳು. "ವಯಸ್ಸಾಯ್ತಲ್ಲಮ್ಮ" ಎಂದು ಪರಿಣತಳಾದ ನಾನೇ ತೀರ್ಪು ಕೊಟ್ಟು ಮುಗಿಸಿದ್ದೆ.

ಅಮ್ಮ ಊದಿದಳು. ನಾನು ಆಗ ಯಂತ್ರದ ನೀರು ಒರೆಸುತ್ತಿದ್ದೆ, ಅವಳ ಮುಖ ನೋಡಲಿಲ್ಲ. ನೋಡಿದ್ದು ಅಂಕಿ ಮಾತ್ರ. ತೀರಾ ಕಡಿಮೆ.

"ಅಮ್ಮಾ, ನೀನೂ ಎಂಜಲು ಅಂತ ಶುರು ಮಾಡ್ಬೇಡ. ಸರಿಯಾಗಿ ಊದು!"

"ಬಾಯಿಟ್ಟೇ ಊದ್ತಿದೀನಲ್ಲೇ."

"ಇನ್ನೊಂದ್ಸಲ."

ಊದಿದಳು. ಕೆಮ್ಮಿದಳು. ಅಂಕಿ ಇನ್ನೂ ಇಳಿಯಿತು.

"ಸೌದೆ ಒಲೆ ಊದ್ಕೊಂಡು ಬೆಳೆದೋಳು ನೀನು. ಇಷ್ಟೇನಾ ನಿನ್ನ ದಮ್ಮು?"

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ಹಣೆಯ ಬೆವರು ಒರೆಸಿಕೊಳ್ಳುತ್ತಾ. "ನಂಗಿದೆಲ್ಲ ಬರಲ್ಲ ಬಿಡೇ" ಎಂದು ಎದ್ದು, ಬಂದವರಿಗೆ ಉಪ್ಪಿಟ್ಟು ಹಾಕಲು ಹೋದಳು.

ಸಂಜೆ ಹದಿನೈದು ಹಾಳೆಗಳನ್ನು ಹರಡಿಕೊಂಡು ಕೂತೆ. ಒಂದೊಂದರ ಮೇಲೂ ಕೆಂಪು ಶಾಯಿಯಲ್ಲಿ ಗಂಭೀರವಾಗಿ ಬರೆದೆ: 'ಊದಿದ ಕ್ರಮ ತಪ್ಪು. ಕೈಬಿಡಲಾಗಿದೆ.' ಅದರಲ್ಲಿ ಹದಿನಾಲ್ಕು ಸಲ ಬರೆದದ್ದು ಸರಿಯಾಗಿತ್ತು.

ಒಂದೂವರೆ ವರ್ಷ ಕಳೆಯಿತು. ನಾನು ಬೇರೆ ಕಡೆ, ಬೇರೆ ಹೆಂಗಸರನ್ನು ಊದಿಸಿಕೊಂಡು ಓಡಾಡುತ್ತಿದ್ದೆ. ಇತ್ತ ಅಮ್ಮನಿಗೆ ಒಂದು ವಾಕ್ಯ ಪೂರ್ತಿ ಮಾಡಲು ಎರಡು ಸಲ ಉಸಿರು ಬೇಕಾಗತೊಡಗಿತು. ಆಗ ಜಯನಗರದಲ್ಲಿ ಎದೆಯ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು.

"ಶ್ವಾಸಕೋಶ ಗಟ್ಟಿಯಾಗ್ಬಿಟ್ಟಿದೆ ಮೇಡಂ. ಮೊದ್ಲೇ ಒಂದ್ಸಲ ಊದ್ಸಿ ನೋಡಿದ್ರೆ ಗೊತ್ತಾಗೋದು. ಇನ್ನಷ್ಟು ದಿನ ತಡೀಬಹುದಿತ್ತು. ಮನೇಲಿ ಯಾರೂ ಗಮನಿಸ್ಲಿಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಹೇಳಿದಳು.

"ನಮ್ಮ ಹುಡುಗಿ ಅವತ್ತೇ ಊದ್ಸಿದ್ಳು ಸಾರ್." ಉಸಿರು ತೆಗೆದುಕೊಂಡಳು. "ನಂಗೇ ಸರಿಯಾಗಿ ಊದಕ್ಕೆ ಬರ್ಲಿಲ್ಲ."

ಅದಾಗಿ ಎಂಟು ತಿಂಗಳು ಇದ್ದಳು.

ಮುಂದಿನ ವರ್ಷ ನನ್ನ ವೈವಾ. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಥೀಸಿಸ್ಸನ್ನು ಮೇಲೆತ್ತಿ ಹಿಡಿದು ಹೊಗಳಿದರು. "ನೋಡಿ, ಎಷ್ಟು ಎಚ್ಚರಿಕೆಯ ಕೆಲಸ! ಅನುಮಾನ ಬಂದ ಒಂದೇ ಒಂದು ರೀಡಿಂಗನ್ನೂ ಒಳಗೆ ಬಿಟ್ಕೊಂಡಿಲ್ಲ ಈಕೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, ಕೈಮುಗಿದು, "ಥ್ಯಾಂಕ್ಯೂ ಸಾರ್" ಅಂದೆ.

ಅಂದೇಬಿಟ್ಟೆ, ನಗುತ್ತಾ!