ಫೋನಿನ ಮುಂದೆ ಆಯಿ

ಮದುವೆಯಲ್ಲಿ ಪಂಕ್ತಿಯವರೆಲ್ಲ ಎದ್ದು ಹೋದ ಮೇಲೂ ಎಲೆ ಮುಂದೆ ಕೂತಿರುವವರನ್ನು ನೀವು ನೋಡಿರಬಹುದು. ಆನರ್ಸಿನ ನಾಲ್ಕನೆಯ ವರ್ಷದಲ್ಲಿ ನನ್ನ ಪಾಡೂ ಅದೇ. ಜೊತೆಯವರು ಮೂರು ವರ್ಷಕ್ಕೆ ಪದವಿ ಹಿಡಿದು ನಡೆದರು. ಸಂಶೋಧನೆ ಎಂದು ಆಸೆಪಟ್ಟು ಬೀದರಿನ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ನಾನೊಬ್ಬಳೇ ಉಳಿದೆ. ತರಗತಿಗೆ ಮೊದಲನೆಯವಳೂ ನಾನೇ, ಕೊನೆಯವಳೂ ನಾನೇ. ಮೊದಮೊದಲು ನಗು ಬರುತ್ತಿತ್ತು. ಈಗ ಊರಿಗೆ ಹೋಗುವ ಔರಾದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ಅಳು ಬರುತ್ತದೆ.

ನಮ್ಮ ಕಡೆಯ ಮಾತನ್ನು ಕಂಪ್ಯೂಟರಿಗೆ ಕಲಿಸುವುದು ನನ್ನ ವಿಷಯ. ಅದಕ್ಕೆ ಮಂದಿಯ ಸಹಜ ಮಾತಿನ ರೆಕಾರ್ಡು ಬೇಕು. ಔರಾದದಲ್ಲಿ ನನ್ನ ಆಯಿ, ಅಂದರೆ ಅಜ್ಜಿ, ಇರುವಾಗ ಮಾತಿಗೇನು ಬರ? ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಅವಳ ಬೈಗುಳಕ್ಕೆ ಹೆದರಿಯೇ ಅರ್ಧ ರೋಗಿಗಳು ಗುಣವಾಗುತ್ತಿದ್ದರಂತೆ. ಫೋನಿನ ರೆಕಾರ್ಡಿಂಗ್ ಚಾಲೂ ಮಾಡಿ ಮುಂದಿಟ್ಟು, "ಸುರು ಮಾಡು ಆಯಿ" ಅಂದೆ.

"ತಡಿ ಪೋರಿ, ಸೆರಗ ಸರಿ ಮಾಡ್ಕೋತೇನಿ. ಯಾಕಿಷ್ಟ ಗಡಬಡ? ಇಷ್ಟ ಸಾಲಿ ಕಲ್ತರೂ ಅಕಲ್ ಬಂದಿಲ್ಲ ನಿನಗ."

ಆಮೇಲೆ ಕೆಮ್ಮಿ, ಕೈ ಜೋಡಿಸಿ ಶುರು ಮಾಡಿದಳು: "ಪ್ರಿಯರೇ, ನಾನು ಈ ಊರಿನಲ್ಲಿ ವಾಸವಾಗಿರುವೆನು. ದೇವರ ಕೃಪೆಯಿಂದ ನನ್ನ ಮೊಣಕಾಲುಗಳು ನೋಯುತ್ತಲಿವೆ."

ನಮ್ಮ ಮನೆತನಕ್ಕೆ ಮೈಕು ಗೊತ್ತಿರುವುದು ಚರ್ಚಿನಲ್ಲಿ ಮಾತ್ರ. ಹಾಗಾಗಿ ಯಂತ್ರದ ಮುಂದೆ ಕೂತರೆ ಪಾದ್ರಿಗಳ ಕನ್ನಡವನ್ನೇ ಆಡಬೇಕೆಂಬುದು ನಮ್ಮ ಮರ್ಯಾದೆ. ಭಾಲ್ಕಿಯ ದೊಡ್ಡವ್ವನಂತೂ ಬದನೆಕಾಯಿ ಪಲ್ಯ ಮಾಡುವ ಬಗೆ ಹೇಳಿ ಕೊನೆಗೆ "ಆಮೆನ್" ಅಂದಳು.

ನನ್ನ ಮಾರ್ಗದರ್ಶಕಿ ಮೇಡಂ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು.

"ಮನ್ಯಾಗ ಮಂದಿ ಹಿಂಗ ಮಾತಾಡ್ತಾರೇನವಾ?"

"ಇಲ್ರಿ ಮೇಡಂ. ಸುರು ಮಾಡೂಕಿಂತ ಮೊದಲ ಚಲೋ ಮಾತಾಡಿದ್ರು."

"ಆ ಮಾತ ಎಲ್ಲಿ ಅದ?"

"ಕಸ ಅಂತ ಕಟ್ ಮಾಡಿ ಒಗದೇನ್ರಿ."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. "ಬರೋ ಪ್ರೆಸೆಂಟೇಶನ್‌ಕ ಖರೇ ಮಾತು ತೊಗೊಂಡ ಬಾ. ಇಲ್ಲಂದ್ರ ಮೂರು ವರ್ಷದ ಡಿಗ್ರಿನೇ ತೊಗೊಂಡ ಮನಿಗಿ ಹೋಗಬೇಕಾಗ್ತದ," ಅಂದರು. ಫೋನಿನಲ್ಲಿ ಜಾಗವಿಲ್ಲವೆಂದು ಮೂಲ ರೆಕಾರ್ಡನ್ನೂ ನಾನು ಅಳಿಸಿಬಿಟ್ಟಿದ್ದೆ.

ಮತ್ತೆ ಔರಾದಕ್ಕೆ ಓಡಿದೆ. "ಆಯಿ, ಮೊದಲಿನಂಗ ಬೈಯಿ ಸಾಕು," ಎಂದು ಗೋಗರೆದೆ. ಅವಳು ಗಾಬರಿಯಾದಳು. "ದೊಡ್ಡ ದೊಡ್ಡ ಮಂದಿ ಕೇಳ್ತಾರಂತಿ. ನನ್ ಬೈಗಳದಿಂದ ನಿನ್ ಮಾರ್ಕ್ಸ್ ಹೋದ್ರ ಹ್ಯಾಂಗ?" ಅಂದವಳೇ ಸೆರಗು ಎಳೆದುಕೊಂಡು, "ಪ್ರಿಯರೇ" ಎಂದಳು. ಅಂದಿನಿಂದ ನನ್ನನ್ನು ಕಂಡರೆ ಸಾಕು, ಫೋನು ಎಲ್ಲೋ ಅಡಗಿದೆ ಎಂದೇ ಅವಳ ಗುಮಾನಿ. ಊಟಕ್ಕೆ ಕರೆಯುವುದೂ ಚರ್ಚಿನ ಪೀಠದ ಮೇಲಿಂದ ಕರೆದ ಹಾಗೆಯೇ.

ಕಳೆದ ಭಾನುವಾರ ಫೋನನ್ನು ಹಾಸ್ಟೆಲಿನಲ್ಲೇ ಬಿಟ್ಟು ಹೋದೆ. ಸಂಶೋಧನೆ ಹಾಳಾಗಲಿ, ಒಂದು ಸಲ ಬೈಸಿಕೊಂಡು ಬಂದರೆ ಸಾಕೆನಿಸಿತ್ತು. ಅಂಗಳದ ಗೋಡೆಯಾಚೆ ಆಯಿಯ ದನಿ ಕೇಳಿಸಿತು. ಕರಿಬೇವಿನ ಗಿಡಕ್ಕೆ ಬಾಯಿ ಹಾಕಿದ ಪಕ್ಕದ ಮನೆಯ ಆಡಿಗೆ ಮಂಗಳಾರತಿ ನಡೆದಿತ್ತು. "ಹಡಬಿಟ್ಟಿ, ನಿಮ್ಮಪ್ಪ ಹಚ್ಯಾನೇನ್ ಗಿಡ? ಅಕಲ್ ಇಲ್ಲೇನ್ ನಿನಗ?" ಒಂದು ಕಾಲದಲ್ಲಿ ಆ ಮಾತೆಲ್ಲ ನನ್ನ ಪಾಲಿಗಿತ್ತು. ಆಡಿನ ಮೇಲೆ ಹೊಟ್ಟೆಕಿಚ್ಚಾಯಿತು.

ಒಳಗೆ ಕಾಲಿಟ್ಟೆ. ಆಯಿ ಕೋಲು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

"ಫೋನ್ ತಂದಿಲ್ಲ ಆಯಿ," ಎಂದು ಎರಡೂ ಅಂಗೈ ತೋರಿಸಿದೆ.

ಅವಳು ನನ್ನ ಕೈಗಳನ್ನು ನೋಡಿದಳು, ಹೆಗಲ ಚೀಲವನ್ನು ನೋಡಿದಳು.

"ಬಹಳ ಸಂತೋಷವು," ಅಂದಳು. "ದಯಮಾಡಿ ಕುಳಿತುಕೊಳ್ಳಿರಿ."