ಲೆಕ್ಕದ ಪ್ರಕಾರ ಬಚ್ಚಲು ಖಾಲಿ

ಅಲ್ಲ, ನಗುವುದಿದ್ದರೆ ಈಗಲೇ ನಕ್ಕು ಮುಗಿಸಿಬಿಡು, ಆಮೇಲೆ ಬರೆದುಕೋ. ನಡುವೆ ನಕ್ಕರೆ ನಾನು ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಎಲ್ಲಿದ್ದೆ? ಹ್ಞಾ, ಬಚ್ಚಲಿನಲ್ಲಿ! ಛೆ, ಅದು ಆಮೇಲೆ. ಮೊದಲು ಬಚ್ಚಲಿನ ಹೊರಗೆ, ಕುರ್ಚಿಯ ಮೇಲೆ.

ನಮ್ಮ ಮನೆಯಲ್ಲಿ ಇರುವುದು ನಾಲ್ಕು ಜನ, ಒಂದು ಬಚ್ಚಲು. ಮಗ ಕಾರು ಓಡಿಸುವುದನ್ನು ಕಲಿಸುವವನು. ಇಡೀ ದಿನ ತನ್ನ ಪ್ರಾಣವನ್ನು ಕಂಡವರ ಕಾಲಡಿಯ ಬ್ರೇಕಿಗೆ ಒಪ್ಪಿಸಿ ಪಕ್ಕದಲ್ಲಿ ಕೂರುವ ಕೆಲಸ. ಹಾಗಾಗಿ ದಿನಾ ಬೆಳಿಗ್ಗೆ ಇದೇ ಕೊನೆಯ ಸ್ನಾನ ಎಂಬಂತೆ ಹಾಡಿಕೊಂಡು ಮೀಯುತ್ತಾನೆ. ಸೊಸೆ ರೇಡಿಯೋದಲ್ಲಿ ವಾರ್ತೆ ಓದುವವಳು. ಅವಳು ಕೆಮ್ಮಿದರೂ ಒತ್ತಕ್ಷರ ತಪ್ಪುವುದಿಲ್ಲ. ಮೊಮ್ಮಗಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ಇನ್ನು ನಾನು! ಬಸ್ ಕಂಡಕ್ಟರ್ ಆಗಿದ್ದವಳು. ಬಾಗಿಲಲ್ಲಿ ಜೋತುಬಿದ್ದವರನ್ನೂ ಸೇರಿಸಿ ಒಂದೇ ನೋಟಕ್ಕೆ ತಲೆ ಎಣಿಸುತ್ತಿದ್ದೆ. ಸೀಟಿನ ಕೆಳಗೆ ಅಡಗಿದ ಕೋಳಿ ಕೂಡ ನನ್ನ ಲೆಕ್ಕದಿಂದ ತಪ್ಪಿಸಿಕೊಂಡಿಲ್ಲ.

ಒಂದು ದಿನ ಸೊಸೆ ಊಟದ ನಡುವೆ, ವಾರ್ತೆಯ ಧಾಟಿಯಲ್ಲೇ ಘೋಷಿಸಿದಳು: "ನಾನು ಮನೆ ನೋಡಿದೀನಿ. ಎರಡು ಬಚ್ಚಲಿದೆ. ಊರಿನ ಆ ತುದಿ. ಬೆಳಗ್ಗೆ ಬೆಳಗ್ಗೆ ಬಾಗಿಲ ಮುಂದೆ ಒಂಟಿಕಾಲಲ್ಲಿ ನಿಂತು ನಿಂತು ನಾನು ಕೊಕ್ಕರೆ ಆಗೋದೊಂದು ಬಾಕಿ."

ಊರಿನ ಆ ತುದಿ! ಇಲ್ಲಿ ಎದುರು ಮನೆಯಲ್ಲಿ ನನ್ನ ಗೆಳತಿ ಇದ್ದಾಳೆ, ಬಟ್ಟೆ ಹೊಲಿಯುವವಳು. ಓಣಿ ಎಷ್ಟು ಕಿರಿದು ಅಂದರೆ ಅವಳ ಕಿಟಕಿಯಲ್ಲಿ ಗುಟ್ಟು ಹೇಳಿದರೆ ನನ್ನ ಕಿಟಕಿಯಲ್ಲಿ ರಟ್ಟಾಗುತ್ತದೆ. ಅವಳು ಮೆಷಿನ್ ತುಳಿಯುತ್ತಾಳೆ, ನಾನು ಮಾತಾಡುತ್ತೇನೆ. ಮೆಷಿನ್ ಸದ್ದಿಗೆ ಅವಳಿಗೆ ಅರ್ಧ ಕೇಳಿಸುವುದಿಲ್ಲ. ಅದಕ್ಕೇ ನಮ್ಮಿಬ್ಬರಿಗೂ ಇಷ್ಟು ವರ್ಷ ಜಗಳ ಬಂದಿಲ್ಲ. ಅವಳನ್ನು ಬಿಟ್ಟು ನಾನು ಆ ತುದಿಯಲ್ಲಿ ಯಾರ ಹತ್ತಿರ ಮಾತಾಡಲಿ, ಎರಡನೇ ಬಚ್ಚಲಿನ ಹತ್ತಿರವೇ?

"ಒಂದು ಬಚ್ಚಲು ಧಾರಾಳ ಸಾಕು, ಅಂಕಿಅಂಶ ಸಮೇತ ತೋರಿಸ್ತೀನಿ!" ಎಂದು ಮೇಜು ಗುದ್ದಿದೆ. ಉಪ್ಪಿನ ಡಬ್ಬಿ ಉರುಳಿತು.

ಮೊಮ್ಮಗಳ ಕಣ್ಣು ಅರಳಿತು. ಅವಳಿಗೆ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತಂತೆ. "ಅಜ್ಜಿ, ಮಾಡೆಲ್ ಕಟ್ಟೋಣ! ಯಾರು ಯಾವಾಗ ಹೋಗ್ತಾರೆ, ಎಷ್ಟು ಹೊತ್ತು ಇರ್ತಾರೆ ಅಂತ ಗೊತ್ತಾದ್ರೆ ನಾಳೆ ಏನಾಗುತ್ತೆ ಅಂತ ಹೇಳಬಹುದು."

"ಅದಕ್ಕೆ ಕಾಲೇಜು ಯಾಕೇ? ನಾನೇ ಹೇಳ್ತೀನಿ. ನಾಳೆ ಜಗಳ ಆಗುತ್ತೆ."

"ಅದು ಊಹೆ ಅಜ್ಜಿ. ನನಗೆ ಡೇಟಾ ಬೇಕು."

ತನ್ನ ಹಳೆಯ ಫೋನಿನಲ್ಲಿ ಎರಡು ಗುಂಡಿ ಮಾಡಿಕೊಟ್ಟಳು. ಯಾರಾದರೂ ಒಳಗೆ ಹೋದರೆ ಹಸಿರು, ಹೊರಗೆ ಬಂದರೆ ಕೆಂಪು. ಗಂಟೆ ನಿಮಿಷ ಎಲ್ಲ ಫೋನೇ ಗುರುತು ಹಾಕಿಕೊಳ್ಳುತ್ತದೆ. ಆಹಾ! ಬಚ್ಚಲಿನ ಎದುರು ಕುರ್ಚಿ ಹಾಕಿ ಕೂತೆ ನೋಡು, ಕೋಟೆ ಬಾಗಿಲ ಮುಂದಿನ ಸೇನಾಪತಿಯ ಹಾಗೆ! ಬಾಯಲ್ಲಿ ಸೀಟಿಯೊಂದು ಇರಲಿಲ್ಲ, ಅಷ್ಟೇ. ಮಗ ಟವೆಲ್ ಹೊದ್ದು ಬಂದರೆ ಬಾಯಿ ತಾನಾಗಿಯೇ "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ" ಎನ್ನುತ್ತಿತ್ತು.

"ಅಮ್ಮಾ, ಸ್ನಾನಕ್ಕಾದ್ರೂ ನೆಮ್ಮದಿಯಾಗಿ ಹೋಗ್ಲಾ?"

"ಹೋಗು. ಇಳಿಯೋವಾಗ ಹೇಳು."

ಬರೀ ಗುಂಡಿ ಒತ್ತಿ ಸುಮ್ಮನಿರುವ ಜಾತಿಯೇ ನಾನು? ಮೊಮ್ಮಗಳಿಗೆ ಸೂಕ್ಷ್ಮ ಹೇಳಿಕೊಟ್ಟೆ. "ನಿಮ್ಮಪ್ಪ ಖುಷಿ ಹಾಡು ಹಾಡಿದರೆ ಬೇಗ ಬರ್ತಾನೆ. ವಿರಹದ ಹಾಡು ಶುರು ಮಾಡಿದ್ನೋ, ನೀರು ತಣ್ಣಗಾಗೋ ತನಕ ಹಾಡಿನವಳು ಸಿಗಲ್ಲ, ಇವನು ಬರಲ್ಲ."

"ಅಜ್ಜಿ, ನೀನು ಜೀನಿಯಸ್!" ಎಂದು ಅವಳು ಹಾಡನ್ನೂ ಮಾಡೆಲ್‌ಗೆ ಸೇರಿಸಿದಳು. ಮರುದಿನ ಅಳುವ ಹಾಡು ಕೇಳಿತು, ಮಾಡೆಲ್ ಹೇಳಿದ ಹೊತ್ತಿಗೇ ಸರಿಯಾಗಿ ಮಗ ಹೊರಗೆ ಬಂದ! ಒಮ್ಮೆ ಚಿಲಕ ಸಿಕ್ಕಿಕೊಂಡು ಅವನು ಬೆಳಗೆಲ್ಲಾ ಒಳಗೇ ಉಳಿದ. "ಇದನ್ನ ಬಿಡಬೇಕು ಅಜ್ಜಿ, ಗುಂಪಿಗೆ ಸೇರದ ಪದ" ಅಂದಳು. ಒಳಗಿಂದ ಮಗ ಕೂಗಿದ: "ಪದ ಆಮೇಲೆ ಬಿಡಿ, ಮೊದಲು ನನ್ನ ಬಿಡಿ!"

ನನ್ನ ತಲೆಗೆ ಕೊಂಬು ಮೂಡಿತು. ಕಿಟಕಿಯಲ್ಲಿ ನಿಂತು ಗೆಳತಿಗೆ ಭಾಷಣ ಬಿಗಿದೆ. ಅವಳು ಮೆಷಿನ್ ನಿಲ್ಲಿಸಿ ಕೇಳಿದಳು: "ಒಟ್ಟಿನಲ್ಲಿ ನೀನು ಇಲ್ಲೇ ಇರ್ತೀಯೋ ಇಲ್ವೋ, ಅಷ್ಟು ಹೇಳು."

"ಅಂಕಿಅಂಶ ನನ್ನ ಕಡೆ ಇದೆ ಕಣೇ!"

ಕೊನೆಗೆ ಮೊಮ್ಮಗಳು ಗೋಡೆಗೆ ದೊಡ್ಡ ಚಿತ್ರ ಅಂಟಿಸಿದಳು. ಬೆಟ್ಟಗಳ ಹಾಗೆ ಗೆರೆಗಳು. ಅಪ್ಪನ ಬೆಟ್ಟ, ಅಮ್ಮನ ಗುಡ್ಡ, ಅವಳದೇ ಒಂದು ದಿಬ್ಬ. ನಡುವೆ, ಬೆಳಗಿನ ಹೊತ್ತಿಗೆ, ಅಗಲವಾದ ಸಪಾಟು ಬಯಲು! "ನೋಡಮ್ಮಾ, ಇಷ್ಟು ಹೊತ್ತು ಯಾವತ್ತೂ ಯಾರೂ ಒಳಗಿರಲ್ಲ. ನೀನು ಈ ಹೊತ್ತನ್ನ ವ್ಯರ್ಥ ಮಾಡ್ತಿದೀಯ ಅಷ್ಟೇ. ನಿನ್ನ ಸ್ನಾನ ಇನ್ಮೇಲೆ ಇಲ್ಲಿ."

ಸೊಸೆ ಹುಬ್ಬು ಗಂಟಿಕ್ಕಿದಳು. "ಆ ಹೊತ್ತಲ್ಲಿ ಖಾಲಿ ಇರೋದನ್ನ ನಾನು ಕಂಡ ನೆನಪಿಲ್ಲ."

"ನೆನಪು ಮೋಸ ಮಾಡುತ್ತೆ, ಡೇಟಾ ಮಾಡಲ್ಲ" ಎಂದೆ ನಾನು, ಸಾಕ್ಷಾತ್ ಪ್ರೊಫೆಸರರ ಹಾಗೆ.

"ಸರಿ. ಸೋಮವಾರ ನಾನು ಮೊದಲ ಸಲ ಮುಖ್ಯ ವಾರ್ತೆ ಓದಬೇಕು. ಅವತ್ತು ನಿಮ್ಮ ಮಾಡೆಲ್ ನಡೆದರೆ ಈ ಮನೇಲೇ ಇರೋಣ. ಇಲ್ಲದಿದ್ರೆ ಸಾಮಾನು ಕಟ್ಟೋಣ. ಒಪ್ಪಿಗೆಯಾ ಅತ್ತೆ?"

"ಒಪ್ಪಿಗೆ!"

ಸೋಮವಾರ ಬೆಳಿಗ್ಗೆ ಎದ್ದೆ. ಮೊಮ್ಮಗಳು ಬರೆದ ಸ್ನಾನದ ಪಟ್ಟಿಯಲ್ಲಿ ಎಲ್ಲರಿಗೂ ಹೊತ್ತು ಗೊತ್ತಾಗಿತ್ತು, ನನ್ನ ಹೆಸರು ಮಾತ್ರ ಇರಲಿಲ್ಲ. ಅಂದರೆ ನನಗೆ ನಿಯಮವಿಲ್ಲ ಎಂದುಕೊಂಡೆ. ಸರ್ವತಂತ್ರ ಸ್ವತಂತ್ರಳು! ದಿನದ ಹಾಗೆ ಫೋನನ್ನು ಕುರ್ಚಿಯ ಮೇಲಿಟ್ಟು, ಟವೆಲ್ ಹೆಗಲಿಗೆ ಹಾಕಿ, ಒಳಗೆ ಹೋಗಿ ಚಿಲಕ ಜಡಿದೆ. ತಲೆಗೆ ಶಾಂಪೂ ಹಚ್ಚಿಕೊಂಡು ನೊರೆ ಬೆಟ್ಟವಾಗುವ ಹೊತ್ತಿಗೆ, ಢಬ ಢಬ ಢಬ!

"ಅತ್ತೆ! ಮಾಡೆಲ್ ಪ್ರಕಾರ ಈಗ ಒಳಗೆ ಯಾರೂ ಇಲ್ಲ!"

"ಹಾಗಾದ್ರೆ ಬಾಗಿಲು ಬಡಿದು ಯಾರನ್ನ ಕರೀತಿದೀಯ?"

"ಅತ್ತೆ, ಆಚೆ ಬನ್ನಿ, ಗಾಡಿ ಬಂದು ನಿಂತಿದೆ!"

ಬರುವುದಕ್ಕೆ ಕಣ್ಣು ಬಿಡಬೇಕಲ್ಲ! ನೊರೆ ಇಳಿದು ಕಣ್ಣು ಉರಿ ಉರಿ. ನಲ್ಲಿ ಹುಡುಕಿದರೆ ಚಿಲಕ ಸಿಗುತ್ತದೆ, ಚಿಲಕ ಹುಡುಕಿದರೆ ನಲ್ಲಿ ಸಿಗುತ್ತದೆ. ಹೊರಗೆ ಸದ್ದಡಗಿತು. ಪಾಪ, ಸೊಸೆ ಅಡುಗೆಮನೆಯ ಸಿಂಕಿನಲ್ಲಿ ಪಾತ್ರೆ ಸೋಪಿನಿಂದ ತಲೆ ಮುಖ ತೊಳೆದು, ಒದ್ದೆ ತಲೆಗೆ ಕೈಗೆ ಸಿಕ್ಕ ಬಟ್ಟೆ ಸುತ್ತಿಕೊಂಡು ಓಡಿದ್ದಳು. ಆಮೇಲೆ ನೋಡಿದರೆ ಅದು ಒಲೆ ಒರೆಸುವ ಬಟ್ಟೆ. ರೇಡಿಯೋ ಆದ್ದರಿಂದ ಮಾನ ಉಳಿಯಿತು! ದನಿ ಮಾತ್ರ ಉಳಿಯಲಿಲ್ಲ. ವಾರ್ತೆ ಶುರುವಾದಾಗ ಎದುರು ಕಿಟಕಿಯಿಂದ ಗೆಳತಿ ಕೂಗಿದಳು: "ಏನೇ ಇದು, ನಿನ್ನ ಸೊಸೆ ಓಡ್ತಾ ಓಡ್ತಾ ವಾರ್ತೆ ಓದ್ತಿದಾಳಾ? ಪ್ರಧಾನಿ ಹೆಸರಿಗೂ ಮಳೆ ಸುದ್ದಿಗೂ ನಡುವೆ ಉಸಿರೇ ಇಲ್ಲ!"

ಸಂಜೆ ಅಡುಗೆಮನೆಯಲ್ಲಿ ನ್ಯಾಯಾಲಯ ಕೂತಿತು. ಸೊಸೆ ಅಟ್ಟದಿಂದ ಖಾಲಿ ರಟ್ಟಿನ ಪೆಟ್ಟಿಗೆ ಇಳಿಸಿ, ಗಾಜಿನ ಲೋಟಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತತೊಡಗಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಕಾಗದದ ಸರಸರ ಸದ್ದು ಕೇಳಲಾರದೆ ಕಿಟಕಿಯತ್ತ ತಿರುಗಿ ಕೂತೆ.

ಮೊಮ್ಮಗಳು ಚಿತ್ರವನ್ನೇ ನೋಡುತ್ತಿದ್ದಳು. "ಅಜ್ಜಿ, ಒಂದು ಪ್ರಶ್ನೆ. ನೀನು ಒಳಗಿರುವಾಗ ಗುಂಡಿ ಯಾರು ಒತ್ತುತ್ತಿದ್ರು?"

"ಯಾರು ಒತ್ತುತ್ತಾರೆ? ನಾನು ಒಳಗಿದ್ದೆನಲ್ಲ!"

"ಮತ್ತೆ ನಿನ್ನ ಲೆಕ್ಕ?"

"ನನ್ನ ಲೆಕ್ಕ ಯಾಕೇ? ಕಂಡಕ್ಟರ್ ಎಲ್ಲಾದ್ರೂ ತನಗೆ ತಾನೇ ಟಿಕೆಟ್ ಹರಿದುಕೊಳ್ತಾಳಾ?"

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೆ ನನ್ನ ಮಾತು ಬಿತ್ತು. ದೀಪದ ಬುಡದಲ್ಲೇ ಕತ್ತಲೆ! ಆ ಸಪಾಟು ಬಯಲು, ಆ ಭವ್ಯವಾದ ಖಾಲಿ ಜಾಗ, ಅದಿಡೀ ನಾನು! ಮೊಮ್ಮಗಳು ಅಲ್ಲಿ ಕೆಂಪು ಪೆನ್ನಿನಿಂದ ನನ್ನ ಬೆಟ್ಟ ಬರೆದಳು. ಅದು ಕಾಗದ ದಾಟಿ ಗೋಡೆಗೆ ಹತ್ತಿತು. ಮಗ ಕುರ್ಚಿಯಿಂದ ಜಾರುವಷ್ಟು ನಕ್ಕ. ಲೋಟ ಸುತ್ತುತ್ತಿದ್ದ ಸೊಸೆಯ ಭುಜವೂ ಕುಲುಕಾಡಿತು.

"ನಗಬೇಡಿ, ಉತ್ತರ ಸಿಕ್ತು" ಅಂದಳು ಮೊಮ್ಮಗಳು. "ಅಜ್ಜಿ ಒಬ್ಬಳನ್ನ ತೆಗೆದರೆ ಈ ಮನೆಗೆ ಒಂದು ಬಚ್ಚಲು ಧಾರಾಳ!"

"ತೆಗೆದು ಎಲ್ಲಿಡೋದೇ?" ಎಂದ ಮಗ.

ಕಿಟಕಿಯಾಚೆಯಿಂದ ಮೆಷಿನ್ ಸದ್ದು ನಿಂತಿತು. ಅರ್ಧ ಕೇಳಿಸುವುದಿಲ್ಲ ಎಂದಿದ್ದೆನಲ್ಲ, ಅವತ್ತು ಪೂರ್ತಿ ಕೇಳಿಸಿತ್ತು. "ಇಲ್ಲಿಗೆ ಕಳಿಸಿ! ನಾನೊಬ್ಬಳೇ ಇರೋದು, ನನ್ನ ಬಚ್ಚಲು ಮಧ್ಯಾಹ್ನದ ತನಕ ಖಾಲಿ!"

ಸೊಸೆ ಕೈಯಲ್ಲಿದ್ದ ಲೋಟವನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಸುತ್ತಿದ ಕಾಗದ ಬಿಚ್ಚಿ, ಲೋಟಕ್ಕೆ ಚಹಾ ಸುರಿದು ನನ್ನ ಮುಂದಿಟ್ಟಳು. "ನಾಳೆಯಿಂದ, ಅತ್ತೆ."

ಅಂದಿನಿಂದ ದಿನಾ ಬೆಳಿಗ್ಗೆ ಟವೆಲ್, ಸೋಪು, ಬದಲಿ ಬಟ್ಟೆ ಹಿಡಿದು ಓಣಿ ದಾಟುತ್ತೇನೆ. ಇಡೀ ಬಸ್ಸನ್ನು ಬೆರಳ ತುದಿಯಲ್ಲಿ ಆಡಿಸಿದವಳು ಈಗ ಸ್ನಾನಕ್ಕೆ ನಿತ್ಯ ಪ್ರಯಾಣಿಕಳು! ಪೇಪರ್ ಹಾಕುವವನು "ಏನಜ್ಜಿ, ಊರಿಗೆ ಹೊರಟ್ರಾ?" ಎನ್ನುತ್ತಾನೆ. ಅದನ್ನೂ ನುಂಗಿಕೊಂಡೆ. ಆದರೆ ಮೊಮ್ಮಗಳು ಈ ಸಲ ಲೆಕ್ಕ ತಪ್ಪಬಾರದು ಅಂತ ಆ ಫೋನನ್ನು ಯಾರ ಕೈಗೆ ಕೊಟ್ಟಿದ್ದಾಳೆ ಗೊತ್ತಾ? ನನ್ನ ಗೆಳತಿಯ ಕೈಗೆ! ಅವಳು ಮೆಷಿನ್ ಬಿಟ್ಟು, ಬಚ್ಚಲ ಬಾಗಿಲ ಮುಂದೆ ಕುರ್ಚಿ ಹಾಕಿ ಕೂತು, "ಇಳಿಯೋವಾಗ ಹೇಳೇ" ಅನ್ನುತ್ತಾಳೆ.

ನಿನ್ನೆಯ ನನ್ನ ಉದ್ದದ ಸ್ನಾನ ಗುಂಪಿಗೆ ಸೇರದ ಪದವಂತೆ. ಈಗ ನೋಡು, ನನ್ನ ಸ್ನಾನದ ಹೊತ್ತಾಯಿತು. ಬರೆಯುವುದನ್ನು ಅಲ್ಲಿಗೇ ನಿಲ್ಲಿಸು. ನೀನು ಮೊದಲು ಎದುರು ಮನೆಗೆ ಹೋಗು, ನಿನ್ನ ಅಂಗಿಯ ಹೊಲಿಗೆ ಬಿಚ್ಚಿದೆ ಅಂತ ಹೇಳಿ ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗು, ಅಷ್ಟರಲ್ಲಿ ನಾನು ಲೆಕ್ಕಕ್ಕೆ ಸಿಗದೆ ಮಿಂದು ಬರುತ್ತೇನೆ. ಬಿಚ್ಚಿಲ್ಲವೇ? ಇಲ್ಲಿ ಬಾ ಹತ್ತಿರ, ನಾನೇ ಒಂದು ಚೂರು ಬಿಚ್ಚಿ ಕೊಡುತ್ತೇನೆ.