ಸೋಲಾರ್ ಗೂಡಿನಲ್ಲಿ ಒಣಗಿದ ಕಂಪ್ಯೂಟರ್

ಅದಕ್ಕೇ ನಾನು ಹೇಳಿದ್ದು, ಬಿಸಿಲಿನ ಮೇಲೆ ತಪ್ಪು ಹೊರಿಸಬೇಡಿ ಎಂದು. ಬಿಸಿಲು ತನ್ನ ಕೆಲಸ ಮಾಡಿತು, ಅಷ್ಟೆ. ತಪ್ಪು ಕೊಯಿಲ ಊರಿನ ಸುದರ್ಶನನದ್ದು. ಹಳೆಯ ಕಂಪ್ಯೂಟರ್ ಎಂದರೆ ನನ್ನ ಹಾಗೆಯೇ ಪ್ರಾಣ ಬಿಡುವ ಮನುಷ್ಯ ಅವನು. ಹಾಗಾಗಿ ಹೇಳುವಾಗ ನನಗೂ ಸಂಕಟವಾಗುತ್ತದೆ.

ಪುತ್ತೂರಿನ ಅದ್ದುವಿನ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಫ್ಯಾನುಗಳ ಅಡಿಯಲ್ಲಿ ಅವನಿಗೆ ಆ ನಿಧಿ ಸಿಕ್ಕಿತ್ತು. ನಲವತ್ತು ವರ್ಷ ಹಿಂದಿನ ಕಂಪ್ಯೂಟರ್. ಕೀಬೋರ್ಡಿನ ಹೊಟ್ಟೆಯೊಳಗೇ ಯಂತ್ರವೆಲ್ಲ ಇರುವಂಥದ್ದು. ಜೊತೆಗೆ ಹತ್ತು ಫ್ಲಾಪಿ, ಮತ್ತು ಅದು ಬಂದಿದ್ದ ರಟ್ಟಿನ ಪೆಟ್ಟಿಗೆ. ಅದ್ದು ಎಲ್ಲವನ್ನೂ ತಕ್ಕಡಿಗೆ ಹಾಕಿ ಮುನ್ನೂರು ರೂಪಾಯಿಗೆ ಕೊಟ್ಟ.

ಮನೆಗೆ ಬಂದ ಸುದರ್ಶನ ಹೆಂಡತಿಯ ಎದುರು ಚಕ್ರವರ್ತಿಯ ಹಾಗೆ ಘೋಷಿಸಿದ, "ಅನಘಾ, ಕಡಬದ ಆ ಕೋಣೆ ಇನ್ನು ನಿನ್ನದೇ ಅಂತ ತಿಳ್ಕೊ."

ಕಡಬ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ ಇಡಬೇಕೆಂಬುದು ಅನಘಾಳ ಆರು ವರ್ಷದ ಆಸೆ. ಕೋಣೆ ನೋಡಿ ಆಗಿತ್ತು. ಮುಂಗಡ ಐವತ್ತು ಸಾವಿರ. ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದು ಕೋಣೆಯ ಧಣಿಗಳು ಹೇಳಿದ್ದರು.

ಸುದರ್ಶನ ಫೋಟೋ ಕಳಿಸಿದ್ದು ಮೈಸೂರಿನ ಉದಯಶಂಕರರಿಗೆ. ಹಳೆಯ ಯಂತ್ರಗಳನ್ನು ಕೂಡಿಡುವುದೇ ಅವರ ಹುಚ್ಚು. ಸಂಜೆಯೇ ಫೋನ್ ಬಂತು.

"ಐವತ್ತೈದು ಸಾವಿರ ಕೊಡ್ತೀನಿ. ಒಂಚೂರು ಬೂಷ್ಟು ಹಿಡಿದಿದೆ ಅಲ್ವಾ? ಇಲ್ದಿದ್ರೆ ಇನ್ನೂ ಜಾಸ್ತಿ ಕೊಡ್ತಿದ್ದೆ."

ಆ ಕೊನೆಯ ಮಾತು ಮನೆ ಹಾಳು ಮಾಡಿತು.

"ಕೊಟ್ಟುಬಿಡಿ ಮಾರಾಯ್ರೆ," ಎಂದಳು ಅನಘಾ. "ಕೋಣೆಗೆ ಬೇಕಾದಷ್ಟು ಆಯ್ತಲ್ಲ."

"ಅಡಿಕೆಯನ್ನಾದ್ರೂ ಮೊದಲ ರೇಟಿಗೆ ಕೊಡುದುಂಟಾ? ಬೂಷ್ಟು ಹೋದ್ರೆ ಅದು ಒಂದು ಲಕ್ಷದ ಮಾಲು."

"ಹೇಗೆ ತೆಗೆಯುದು ಅಂತ ಅವರತ್ರವೇ ಕೇಳಿ."

"ಬೂಷ್ಟು ತೆಗೆಯುದನ್ನು ಮೈಸೂರಿನವರು ನಮಗೆ ಕಲಿಸ್ಬೇಕಾ?"

"ಅದು ಅಡಿಕೆ ಅಲ್ಲ."

"ತೇವ ತೇವವೇ. ನಾಲ್ಕು ಬಿಸಿಲು ಬಿದ್ರೆ ಎಲ್ಲ ಸರಿಯಾಗ್ತದೆ."

ಅಂಗಳದ ತುದಿಯಲ್ಲಿ ಅಡಿಕೆ ಒಣಗಿಸುವ ಸೋಲಾರ್ ಗೂಡು ಇತ್ತು. ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಏಪ್ರಿಲ್ ತಿಂಗಳ ಕುಲುಮೆ. ಅಡಿಕೆಯನ್ನು ಬದಿಗೆ ಸರಿಸಿ ಸುದರ್ಶನ ಕಂಪ್ಯೂಟರಿಗೆ ರತ್ನಗಂಬಳಿಯಂತೆ ಗೋಣಿ ಹಾಸಿದ. ಫ್ಲಾಪಿಗಳನ್ನು ಸಾಲಾಗಿ ಹರವಿದ. ರಟ್ಟಿನ ಪೆಟ್ಟಿಗೆಯನ್ನೂ ಇಡಹೊರಟಾಗ ಅನಘಾ ಕಸಿದುಕೊಂಡಳು. "ಇದು ನನಗಿರಲಿ. ಬ್ಲೌಸ್ ಪೀಸ್ ಹಾಕಿಡ್ಲಿಕ್ಕೆ ಆಗ್ತದೆ."

"ಖಾಲಿ ಪೆಟ್ಟಿಗೆ ಅಲ್ವಾ, ಇಟ್ಕೊ," ಎಂದ ಉದಾರಿ.

ಗಂಟೆಗೊಮ್ಮೆ ಹೋಗಿ ಮಗುಚಿದ. ಎರಡನೆಯ ದಿನ ಅನಘಾ ಕೇಳಿಯೇಬಿಟ್ಟಳು, "ನನಗೆ ಜ್ವರ ಬಂದಾಗ ಇಷ್ಟು ಸಲ ಬಂದು ನೋಡಿದ್ರಾ?"

"ನಿನಗೆ ಎಂತ ರೇಟು ಉಂಟು?" ಎಂದು ಅವನು ನಕ್ಕ. ಅವಳು ನಗಲಿಲ್ಲ.

ನಾಲ್ಕನೆಯ ದಿನ ಬೂಷ್ಟು ಹೋಗಿತ್ತು. ಜೊತೆಗೆ ಕಂಪ್ಯೂಟರಿನ ಆಕಾರವೂ ಹೋಗಿತ್ತು. ಒಣಗಿದ ಅಡಿಕೆ ಹಾಳೆಯಂತೆ ಅದು ಎರಡೂ ಕಡೆ ಮೇಲೆದ್ದಿತ್ತು. ಫ್ಲಾಪಿಗಳು ಹಲಸಿನ ಹಪ್ಪಳವಾಗಿದ್ದವು, ಕರಿಯುವುದೊಂದೇ ಬಾಕಿ. ಸುದರ್ಶನ ಧೈರ್ಯಗೆಡಲಿಲ್ಲ. ನೇರ ಮಾಡಲು ಅದರ ಮೇಲೆ ಅರೆಯುವ ಕಲ್ಲು ಹೇರಿದ. ಟಪ್ ಎಂದಿತು. ಬಾಗಿದ್ದು ಈಗ ಬಿರುಕೂ ಬಿಟ್ಟಿತು.

ಬೂಷ್ಟು ಹೋಗುತ್ತದೆಂದು ಸುದರ್ಶನ ಮೊದಲೇ ಹೇಳಿ ಕರೆದಿದ್ದರಿಂದ, ಭಾನುವಾರ ಉದಯಶಂಕರರು ಮಡಿಕೇರಿ, ಸುಳ್ಯ ದಾಟಿ ಲಕ್ಷ ರೂಪಾಯಿಯ ಮಾಲು ನೋಡಲು ಬಂದರು. ನೋಡಿದರು. ಬಿರುಕಿನ ಮೇಲೆ ಬೆರಳು ಆಡಿಸಿದರು.

"ಒಣ ಬ್ರಶ್‌ನಲ್ಲಿ ಉಜ್ಜಿದ್ರೆ ಬೂಷ್ಟು ಹೋಗ್ತಿತ್ತು," ಎಂದರು ಕೊನೆಗೆ.

"ಈಗ ಎಷ್ಟಾಗ್ಬಹುದು?"

"ಮಜ್ಜಿಗೆ ಚೆನ್ನಾಗಿತ್ತು," ಎನ್ನುತ್ತ ಅವರು ಲೋಟ ಕೆಳಗಿಟ್ಟು ಎದ್ದರು.

ಹೊರಟವರು ಬಾಗಿಲಲ್ಲಿ ನಿಂತರು. ಅವರ ಕಣ್ಣು ಅನಘಾಳ ಬ್ಲೌಸ್ ಪೀಸುಗಳಿದ್ದ ಪೆಟ್ಟಿಗೆಯ ಮೇಲೆ ಬಿದ್ದಿತ್ತು. "ಅಮ್ಮಾ, ಇದನ್ನ ಕೊಡ್ತೀರಾ? ಇಂಥದೇ ಯಂತ್ರ ನನ್ನ ಹತ್ರ ಒಂದಿದೆ, ಪೆಟ್ಟಿಗೆ ಇಲ್ಲ. ಎಂಟು ಸಾವಿರ ಕೊಡ್ತೀನಿ."

ಸುದರ್ಶನನ ಬಾಯಿ ಅಭ್ಯಾಸಬಲದಿಂದ ತೆರೆಯಿತು. "ಸ್ವಲ್ಪ ಕಾದ್ರೆ..."

ಅಷ್ಟರಲ್ಲಿ ಅನಘಾ ಬಟ್ಟೆಗಳನ್ನೆಲ್ಲ ನೆಲಕ್ಕೆ ಸುರಿದಾಗಿತ್ತು. "ತೆಕ್ಕೊಳ್ಳಿ. ನನಗೆ ಮೊದಲ ರೇಟು ಸಾಕು."

ತಿಂಗಳ ಕೊನೆಗೆ ಕಡಬದ ಕೋಣೆಗೆ ಮೊಬೈಲ್ ಅಂಗಡಿ ಬಂತು. ಎಂಟು ಸಾವಿರದಲ್ಲಿ ಅನಘಾ ಹಳೆಯ ಹೊಲಿಗೆ ಯಂತ್ರವೊಂದನ್ನು ತಂದು ಜಗಲಿಯಲ್ಲೇ ಕುಳಿತಿದ್ದಾಳೆ. ಬಾಗಿದ ಕಂಪ್ಯೂಟರಿನ ತಗ್ಗಿನಲ್ಲಿ ಅವಳ ಹುಕ್ಕು, ಗುಂಡಿಗಳು ಸರಿಯಾಗಿ ಕೂರುತ್ತವೆ. ಪಕ್ಕದ ಸ್ಟೂಲಿನಲ್ಲಿ ಕುಳಿತು ಹುಕ್ಕು ಹೊಲಿಯುವವನು ಅಂದಿನ ಚಕ್ರವರ್ತಿ.

ಕೊಯಿಲದ ಕಡೆ ಹೋದರೆ ದಯವಿಟ್ಟು ಅವರಲ್ಲಿಗೂ ಹೋಗಿ ಬನ್ನಿ. ಬರಿಗೈಯಲ್ಲಿ ಬೇಡ, ಒಂದು ಬ್ಲೌಸ್ ಪೀಸ್ ಹಿಡಿದುಕೊಂಡು ಹೋಗಿ. ಗುಂಡಿಗಳನ್ನು ಬದಿಗೆ ಸರಿಸಿ ಅವನು ಮೆಲ್ಲನೆ ಕೇಳುತ್ತಾನೆ, ಈ ಕಂಪ್ಯೂಟರಿಗೆ ಈಗ ಎಷ್ಟು ಬರಬಹುದು ಎಂದು. ಅವನಿಗೆ ಏನೂ ಹೇಳಬೇಡಿ. ಅನಘಾ ಹೊಲಿಗೆಗೆ ಎಷ್ಟು ಹೇಳುತ್ತಾಳೋ, ಅಷ್ಟನ್ನು ಚೌಕಾಸಿ ಮಾಡದೆ ಕೊಟ್ಟು ಬನ್ನಿ.